ಮೂವತ್ತಾರು ಅಡಿ

ಚೆಕರಮ್ಮನಿಗೆ ಸಿನಿಮಾ ಹುಚ್ಚು ಎಂದೂ ಇರಲಿಲ್ಲ ಎಂದರೆ ಅವರ ಗುಂಪಿನವರು ಯಾರೂ ನಂಬುವುದಿಲ್ಲ. ಹಳೆಯ ಚಿತ್ರಗಳ ಹುಚ್ಚರೆಲ್ಲ ಸೇರಿ ಫೋನಿನಲ್ಲಿ ಕಟ್ಟಿಕೊಂಡ ಗುಂಪು ಅದು. ನಾನೂರು ಚಿಲ್ಲರೆ ಜನ. ಬೆಳಗಾದರೆ ಸಾಕು, ಯಾವ ಚಿತ್ರದಲ್ಲಿ ನಾಯಕನ ಕೈಗಡಿಯಾರ ಎಡಗೈಯಿಂದ ಬಲಗೈಗೆ ಹಾರಿತು, ಯಾವ ಹಾಡಿಗೆ ಎರಡು ಸಲ ಸೆಟ್ ಹಾಕಿಸಿದರು, ಯಾವ ಖಳನಾಯಕನಿಗೆ ಮನೆಯಲ್ಲಿ ಬೆಕ್ಕು ಕಂಡರೆ ಭಯವಿತ್ತು ಎಂದೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಬರೆಯುತ್ತಾರೆ. ವಾದ ಬಿಸಿಯೇರಿದಾಗ ಕೊನೆಗೆ ಯಾರಾದರೊಬ್ಬರು "ಚೆಕರಮ್ಮನನ್ನೇ ಕೇಳಿ" ಅನ್ನುತ್ತಾರೆ. ಅವರು ಒಂದು ಸಾಲು ಬರೆದರೆ ಅಲ್ಲಿಗೆ ಮಾತು ಮುಗಿಯಿತು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಇಂಥ ಮರ್ಯಾದೆ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಅವರು ಇಪ್ಪತ್ತಾರು ವರ್ಷ ಒಬ್ಬ ಚಿತ್ರ ಹಂಚಿಕೆದಾರರ ಕಚೇರಿಯಲ್ಲಿ ಫಿಲ್ಮ್ ಚೆಕರ್ ಆಗಿದ್ದರು. ಒಂದೊಂದು ಊರು ಮುಗಿಸಿ ಬರುವ ಪ್ರಿಂಟನ್ನು ಮುಂದಿನ ಊರಿಗೆ ಕಳಿಸುವ ಮೊದಲು ಪರೀಕ್ಷೆ ಮಾಡುವ ಕೆಲಸ. ಮೇಜಿನ ಎರಡು ತುದಿಗೆ ಎರಡು ಚಕ್ರ. ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ, ಹತ್ತಿಯ ಕೈಗವಸು ಹಾಕಿದ ಎಡಗೈಯ ಎರಡು ಬೆರಳ ನಡುವೆ ಫಿಲ್ಮಿನ ಅಂಚನ್ನು ಹರಿಯಬಿಡಬೇಕು. ಅಂಚಿನ ತೂತು ಹರಿದಿದ್ದರೆ ಬೆರಳಿಗೆ ಚುಚ್ಚುತ್ತದೆ. ನಿಲ್ಲಿಸಿ, ಟೇಪು ಹಾಕಬೇಕು, ಇಲ್ಲವೇ ಕತ್ತರಿಸಿ ಅಂಟಿಸಬೇಕು. ಚಿತ್ರ ನೋಡುತ್ತ ಕೂತರೆ ಬೆರಳಿನ ಮೇಲೆ ಗಮನ ತಪ್ಪುತ್ತದೆ, ಹಾಗಾಗಿ ಒಳ್ಳೆಯ ಚೆಕರ್ ಚಿತ್ರ ನೋಡುವುದೇ ಇಲ್ಲ. ಸಾವಿರಾರು ಚಿತ್ರ ಇವರ ಬೆರಳ ಸಂದಿಯಲ್ಲಿ ಹರಿದುಹೋದವು. ಕಣ್ಣಾರೆ ನೋಡಿದ್ದು ಮೂವತ್ತೋ ನಲವತ್ತೋ. ಈ ಗುಟ್ಟನ್ನು ಅವರು ಗುಂಪಿಗೆ ಹೇಳಲು ಹೋಗಿಲ್ಲ. ಯಾರೂ ಕೇಳಿಯೂ ಇಲ್ಲ, ಪಾಪ.

ಗುಂಪಿನವರು ತಲೆಯ ಮೇಲೆ ಹೊತ್ತು ಮೆರೆಸುವ ಒಂದು ಚಿತ್ರವಿದೆ. ಕಪ್ಪುಬಿಳುಪು, ನಲವತ್ತೆರಡು ವರ್ಷ ಹಳೆಯದು. ಬಿಡುಗಡೆಯಾದಾಗ ಯಾವ ಊರಲ್ಲೂ ವಾರ ಪೂರ್ತಿ ಓಡಲಿಲ್ಲ. ಉಳಿದ ಪ್ರಿಂಟುಗಳನ್ನೆಲ್ಲ ಅದರೊಳಗಿನ ಚೂರುಪಾರು ಬೆಳ್ಳಿಗಾಗಿ ಕರಗಿಸಿಬಿಟ್ಟರು. ಹೇಗೋ ಉಳಿದ ಒಂದೇ ಪ್ರಿಂಟು ನಾಲ್ಕು ವರ್ಷದ ಹಿಂದೆ ಅಂತರ್ಜಾಲಕ್ಕೆ ಬಂತು. ಅದರ ಕೊನೆಯಲ್ಲಿ ನಾಯಕ, ಮನೆ ಬಿಟ್ಟುಹೋದ ಹೆಂಡತಿಯನ್ನು ಹುಡುಕುತ್ತ ಒಂದು ಬಾಗಿಲಿಗೆ ಬಂದು ತಟ್ಟುತ್ತಾನೆ. ತಟ್ಟಿದ್ದೇ ತಡ, ಅವನು ರೈಲು ನಿಲ್ದಾಣದ ಬೆಂಚಿನ ಮೇಲೆ ಒಬ್ಬನೇ ಕೂತಿರುತ್ತಾನೆ, ಮುಷ್ಟಿ ಬಿಗಿಹಿಡಿದು. ಬಾಗಿಲು ತೆರೆಯಿತೋ ಇಲ್ಲವೋ ಗೊತ್ತಿಲ್ಲ.

ಗುಂಪಿನ ಹಿರಿಯ, ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಆ ಜಿಗಿತದ ಮೇಲೆ ಹನ್ನೊಂದು ಕಂತು ಬರೆದರು. ತೆರೆಯದ ಬಾಗಿಲೇ ಬದುಕು, ಖಾಲಿ ಮುಷ್ಟಿಯೇ ಸತ್ಯ, ನಿರ್ದೇಶಕನ ಧೈರ್ಯವೆಂದರೆ ಇದು. ಆಗ ಒಬ್ಬರು, ನಡುವೆ ಏನಾದರೂ ಕತ್ತರಿಸಿ ಹೋಗಿರಬಹುದೇ ಎಂದು ಕೇಳಿಯೇ ಬಿಟ್ಟರು. ಚೆಕರಮ್ಮ ತಕ್ಷಣ ಉತ್ತರ ಬರೆದರು: "ಅದು ನನ್ನ ಕೈಯಲ್ಲಿ ಹೋದ ಪ್ರಿಂಟು. ಅಲ್ಲಿ ಏನೂ ಹೋಗಿಲ್ಲ." ಮೇಷ್ಟ್ರು ಆ ಸಾಲನ್ನು ಗುಂಪಿನ ನೆತ್ತಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದರು.

ಅದು ಸುಳ್ಳು. ಆ ಬಾಗಿಲಿನ ಹತ್ತಿರ ಪರದೆಯ ಮೇಲೆ ರೆಪ್ಪೆ ಹೊಡೆಯುವಷ್ಟು ಹೊತ್ತು ಹೊಳೆದು ಮಾಯವಾಗುವ ಗೆರೆಯನ್ನು ಕಂಡ ಕೂಡಲೇ ಅವರಿಗೆ ತಮ್ಮ ಕೈಯ ಜೋಡಣೆ ಗುರುತು ಸಿಕ್ಕಿತ್ತು. ಆ ದಿನ ಅಂಚಿನ ತೂತುಗಳು ಉದ್ದಕ್ಕೂ ಹರಿದುಬಂದಿದ್ದವು. ಒಂದೊಂದಕ್ಕೂ ಟೇಪು ಹಾಕಲು ಎರಡು ಗಂಟೆ ಬೇಕು. ಐದರ ಬಸ್ಸಿಗೆ ಪ್ರಿಂಟು ಏರಬೇಕು. ನಾಲ್ಕೂವರೆಗೆ ಶಾಲೆಯ ಗೇಟು ಹಾಕುತ್ತಾರೆ. ಹಿಂದಿನ ವಾರವಷ್ಟೇ ಆರು ವರ್ಷದ ಮಗಳು ಮುಚ್ಚಿದ ಗೇಟಿನ ಹೊರಗೆ ಒಬ್ಬಳೇ ನಿಂತು ಅತ್ತು ಅತ್ತು ವಾಂತಿ ಮಾಡಿಕೊಂಡಿದ್ದಳು. ಚೆಕರಮ್ಮ ಹರಿದಷ್ಟನ್ನೂ ಒಂದೇ ಏಟಿಗೆ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಪ್ರಿಂಟಿನ ಲೆಕ್ಕದ ಪುಸ್ತಕದಲ್ಲಿ ಕತ್ತರಿಸಿದ್ದು 'ಎರಡು ಅಡಿ' ಎಂದು ಬರೆದು ಓಡಿದರು. ಹೋಗಿದ್ದು ಮೂವತ್ತಾರು ಅಡಿ. ಪರದೆಯ ಮೇಲೆ ಇಪ್ಪತ್ನಾಲ್ಕು ಸೆಕೆಂಡು.

ನಾಲ್ಕು ವರ್ಷ ಆ ಸುಳ್ಳು ಅವರ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಚಿತ್ರ ಮಾಡಿದವರು ಸತ್ತಿದ್ದಾರೆ, ಮೇಷ್ಟ್ರಿಗೆ ಬರೆಯಲು ಒಂದು ಬಾಗಿಲು ಸಿಕ್ಕಿದೆ, ತನ್ನ ಗಂಟೇನು ಹೋಯಿತು ಎಂದು ಹಾಯಾಗಿದ್ದರು. ಮಂಗಳವಾರ ಬೆಳಿಗ್ಗೆ ಗುಂಪಿಗೆ ಹೊಸದಾಗಿ ಸೇರಿದ ಒಬ್ಬರು ತಮ್ಮ ದನಿಯನ್ನು ರೆಕಾರ್ಡ್ ಮಾಡಿ ಹಾಕಿದರು. ವಯಸ್ಸಾದ ಹೆಂಗಸಿನ ದನಿ, ಹಿಂದೆ ಪಾತ್ರೆಯ ಸದ್ದು.

"ನಮಸ್ಕಾರ. ನಾನು ಸ್ಟುಡಿಯೋದಲ್ಲಿ ಬಟ್ಟೆ ಇಸ್ತ್ರಿ ಮಾಡ್ತಿದ್ದೆ. ಇಸ್ತ್ರಿಯಮ್ಮ ಅಂತಾನೇ ಕರೀತಿದ್ರು. ಆ ಬಾಗಿಲು ತೆಗೆಯೋದು ನಾನು. 'ಅವರು ಬೆಳಿಗ್ಗೇನೇ ಹೋದ್ರು, ಇದನ್ನ ನಿಮಗೆ ಕೊಡೋಕೆ ಹೇಳಿದ್ರು' ಅಂತ ಒಂದು ಬಾಚಣಿಗೆ ಕೊಡ್ತೀನಿ. ಅವನ ಮುಷ್ಟಿಯಲ್ಲಿರೋದು ಅದೇ. 'ನಾನು ಹೇಳೋವರೆಗೂ ರೆಪ್ಪೆ ಬಡೀಬೇಡ' ಅಂದ್ರು ಡೈರೆಕ್ಟರು. ನಾನು ಬಡೀಲಿಲ್ಲ, ಕಣ್ಣಲ್ಲಿ ನೀರು ಬಂತು. ನಮ್ಮೂರಿಗೆ ಚಿತ್ರ ಬಂದಾಗ ಅತ್ತೆ, ಓರಗಿತ್ತಿ, ಬೀದಿಯವರು, ಎಲ್ಲರನ್ನೂ ಕರ್ಕೊಂಡು ಹೋದೆ. ನಾನು ಇರಲೇ ಇಲ್ಲ."

ನಾನೂರು ಜನರ ಪಾಂಡಿತ್ಯ ಆ ಮುದುಕಿಯ ಮೇಲೆ ಮುಗಿಬಿತ್ತು. ನಗುವ ಮುಖಗಳು ಸಾಲುಗಟ್ಟಿದವು. ಬಾಚಣಿಗೆಯಂತೆ, ತಲೆ ಬಾಚಿಕೊಳ್ಳೋಕೆ ರೈಲು ನಿಲ್ದಾಣಕ್ಕೆ ಹೋದನಂತೆ ಎಂದು ಒಬ್ಬ. ಮೇಷ್ಟ್ರು ಮಾತ್ರ ಸೌಜನ್ಯದಿಂದ, ವಯಸ್ಸಾದಂತೆ ನೆನಪು ಬೆರಕೆಯಾಗುವುದು ಸಹಜ, ಚೆಕರಮ್ಮನವರು ಆಗಲೇ ಸ್ಪಷ್ಟಪಡಿಸಿದ್ದಾರೆ ಎಂದು ಬರೆದು ನೆತ್ತಿಯ ಸಾಲನ್ನು ತೋರಿಸಿದರು. ನಗುವ ಮುಖಗಳಿಗಿಂತ ಅದೇ ಹೆಚ್ಚು ಹೊಡೆದಿರಬೇಕು. "ಮನೇಲೂ ಹೀಗೇ ಅಂತಾರೆ" ಎಂದಷ್ಟೇ ಬರೆದು ಇಸ್ತ್ರಿಯಮ್ಮ ಗುಂಪಿನಿಂದ ಹೊರಗೆ ಹೋದರು.

ಆಮೇಲೆ ಚೆಕರಮ್ಮ ಕಾಲು ಸುಟ್ಟ ಬೆಕ್ಕಿನ ಹಾಗಾದರು. ಮಡಚಿದ ಬಟ್ಟೆ ಬಿಚ್ಚಿ ಮತ್ತೆ ಮಡಚಿದರು. ಕುಡಿಯಲು ನೀರು ತಂದು ಗಿಡಕ್ಕೆ ಹಾಕಿದರು. ಫೋನನ್ನು ದಿಂಬಿನ ಕೆಳಗೆ ಇಟ್ಟರು, ಎರಡು ನಿಮಿಷಕ್ಕೆ ಎತ್ತಿಕೊಂಡರು. ಐದರ ಬಸ್ಸಿಗೆ ಹಾಕಿದ ಡಬ್ಬಿಗಳು ಯಾವ ಊರಿಗೆ ಹೋದವು ಎಂದು ಅವರಿಗೆ ಈಗ ಗೊತ್ತಾಗಿತ್ತು.

ಊಟದ ಹೊತ್ತಿಗೆ, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಮಗಳು ಬಂದಾಗ ಮನೆಯ ಅರ್ಧ ಸಾಮಾನು ನೆಲದ ಮೇಲಿತ್ತು. ಅಮ್ಮ ಸ್ಟೂಲಿನ ಮೇಲೆ ನಿಂತು ಕಪಾಟಿನ ತಲೆಯ ಮೇಲೆ ಕೈ ಆಡಿಸುತ್ತಿದ್ದರು.

"ಏನಮ್ಮಾ ಇದು, ಕಳ್ಳರು ಬಂದಿದ್ರಾ?"

"ನೀನು ಚಿಕ್ಕವಳಿದ್ದಾಗ ಆಡ್ಲಿ ಅಂತ ನಾನು ಕಚೇರಿಯಿಂದ ತಂದುಕೊಡ್ತಿದ್ದ ಫಿಲ್ಮ್ ತುಂಡುಗಳ ಡಬ್ಬಿ ಎಲ್ಲೇ?"

"ಅದು ನನ್ನ ಮಂಚದ ಕೆಳಗಿದೆ. ಇಳಿ ಮೊದಲು."

ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಸುರುಳಿಗಳು ಒಣಗಿ ಸೆಟೆದುಕೊಂಡಿದ್ದವು. ತಳದಲ್ಲಿ ದಪ್ಪನೆಯದೊಂದು, ನೂಲಿನಲ್ಲಿ ಕಟ್ಟಿದ್ದು. ಒಂದು ಅಂಚು ಉದ್ದಕ್ಕೂ ಹರಿದಿತ್ತು. ಬೆರಳು ತಾಗಿಸಿದ ಕೂಡಲೇ ಅವರಿಗೆ ಗೊತ್ತಾಯಿತು. ಕಿಟಕಿಗೆ ಹಿಡಿದು ನೋಡಲು ಧೈರ್ಯ ಬರಲಿಲ್ಲ. ಮಗಳೇ ಹಿಡಿದು ನೋಡಿದಳು.

"ಬಾಗಿಲು ಇದೆ. ಯಾರೋ ಹೆಂಗಸು."

ಚೆಕರಮ್ಮ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಶಾಲೆಯ ಗೇಟಿನ ಮಾತು ಬಂದಾಗ ಮಗಳು ತಡೆದಳು.

"ಕತ್ತರಿಸಿದ್ದು ನನಗೋಸ್ಕರ ಅನ್ನು, ಒಪ್ತೀನಿ. ಆದ್ರೆ ನಾಲ್ಕು ವರ್ಷದ ಹಿಂದೆ ಬರೆದ ಸುಳ್ಳು ಯಾರಿಗೋಸ್ಕರ? ಅದನ್ನ ನನ್ನ ತಲೆಗೆ ಕಟ್ಟಬೇಡ."

ಮಗಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸುರುಳಿಯ ಫೋಟೋ ತೆಗೆದು ಗುಂಪಿಗೆ ಹಾಕಿ ಕೆಳಗೆ ಬರೆದರು: "ಬಾಗಿಲು ತೆರೆಯುತ್ತದೆ. ಕತ್ತರಿಸಿದ್ದು ನಾನು. ಏನೂ ಹೋಗಿಲ್ಲ ಅಂದಿದ್ದು ಸುಳ್ಳು. ಆ ತಾಯಿ ಹೇಳಿದ್ದೇ ನಿಜ."

ಹತ್ತು ನಿಮಿಷದಲ್ಲಿ ಮೇಷ್ಟ್ರ ಫೋನು ಬಂತು.

"ಅದನ್ನ ಸದ್ಯಕ್ಕೆ ತೆಗೀರಿ ಅಮ್ಮ. ನನ್ನ ಪುಸ್ತಕ ಅಚ್ಚಿಗೆ ಹೋಗಿದೆ. ಮುಖಪುಟದಲ್ಲೇ ಆ ಬಾಗಿಲಿದೆ."

"ಬಾಗಿಲು ಎಲ್ಲೂ ಹೋಗಲ್ಲ ಮೇಷ್ಟ್ರೇ, ಇರಲಿ. ತೆರೆಯಲ್ಲ ಅಂತ ಬರೆದಿರೋದನ್ನ ಮಾತ್ರ ನೋಡ್ಕೊಳ್ಳಿ."

"ನಿಮ್ಮ ಮಾತು ನಂಬಿ ತಾನೇ ನಾನು ಬರೆದಿದ್ದು?"

"ಹೌದು, ನನ್ನದೇ ತಪ್ಪು" ಎಂದರು ಚೆಕರಮ್ಮ. ಆದರೆ ಬರೆದದ್ದನ್ನು ಅಳಿಸಲಿಲ್ಲ. ಸಂಜೆಯ ಹೊತ್ತಿಗೆ ನೆತ್ತಿಯ ಮೇಲಿದ್ದ ಅವರ ಸಾಲು ಕೆಳಗಿಳಿದಿತ್ತು. ಬೆಳಿಗ್ಗೆ ನಕ್ಕಿದ್ದ ಮುಖಗಳು ಈಗ ಅವರನ್ನು ನೋಡಿ ನಗುತ್ತಿದ್ದವು. ಇನ್ನು ಈ ಅಮ್ಮ ಹೇಳಿದ್ದರಲ್ಲಿ ಯಾವುದನ್ನು ನಂಬೋದು ಎಂದು ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ.

ಗುಂಪು ಬಿಟ್ಟವರ ನಂಬರು ಉಳಿದಿತ್ತು. ಫೋನ್ ಮಾಡಿ, ಬಂದು ಮಾತಾಡಬೇಕು ಎಂದಷ್ಟೇ ಹೇಳಿ ವಿಳಾಸ ಕೇಳಿಕೊಂಡರು. ಮರುದಿನ ಎರಡು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು, ಮೂರನೇ ಮಹಡಿಯ ಒಂದು ಮನೆಯ ಬಾಗಿಲ ಮುಂದೆ ನಿಂತಾಗ ಚೆಕರಮ್ಮನಿಗೆ ತಟ್ಟಲು ಕೈ ಏಳಲಿಲ್ಲ. ದಾರಿಯುದ್ದಕ್ಕೂ ಚೀಲದೊಳಗೆ ಕೈ ಹಾಕಿ ಸುರುಳಿಯ ಅಂಚನ್ನು ಸವರುತ್ತಲೇ ಬಂದಿದ್ದರು. ಕೊನೆಗೆ ತಟ್ಟಿದರು. ಬಾಗಿಲು ತೆಗೆದದ್ದು ಇಸ್ತ್ರಿಯಮ್ಮನೇ. ಎಪ್ಪತ್ತೆಂಟರ ಸಣಕಲು ಜೀವ, ದಪ್ಪ ಗಾಜಿನ ಕನ್ನಡಕ, ಒಂದು ಸುಕ್ಕೂ ಇಲ್ಲದ ಸೀರೆ.

"ಫೋನ್ ಮಾಡಿದ್ದು ನಾನು. ಚೆಕರಮ್ಮ."

"ನಾನು ಸುಳ್ಳಿ ಅಂತ ಮುಖದ ಮೇಲೆ ಹೇಳೋಕೆ ಇಷ್ಟು ದೂರ ಬಂದ್ರಾ?"

"ಸುಳ್ಳು ಹೇಳಿದ್ದು ನಾನಮ್ಮ."

ಒಳಗೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಸುರುಳಿಯ ತುದಿಯನ್ನೂ ಮಗಳು ಕೊಟ್ಟ ಭೂತಗನ್ನಡಿಯನ್ನೂ ಇಸ್ತ್ರಿಯಮ್ಮನ ಕೈಗೆ ಕೊಟ್ಟರು. ಇಸ್ತ್ರಿಯಮ್ಮ ಸುರುಳಿ ಬಿಚ್ಚುತ್ತ ಗಾಜಿನಲ್ಲಿ ನೋಡುತ್ತ ಹೋದರು. ಅಡುಗೆಮನೆಯಲ್ಲಿ ಸೊಸೆ ಏನೋ ಒಗ್ಗರಣೆ ಹಾಕುತ್ತಿದ್ದಳು.

"ಇದೇ ಸೀರೆ. ಸೆರಗಿನ ಮಡಿಕೆ ನಾನೇ ಕೂರಿಸಿದ್ದೆ," ಎಂದರು ಇಸ್ತ್ರಿಯಮ್ಮ. ಆಮೇಲೆ ಗಾಜು ಕೆಳಗಿಟ್ಟು ಕೇಳಿದರು. "ಯಾಕೆ ತೆಗೆದ್ರಿ? ನಾನು ಚೆನ್ನಾಗಿ ಮಾಡಿರಲಿಲ್ವಾ?"

ಈ ಪ್ರಶ್ನೆಯೊಂದನ್ನು ಬಿಟ್ಟು ಬೇರೆಲ್ಲಕ್ಕೂ ಚೆಕರಮ್ಮ ಬಸ್ಸಿನಲ್ಲಿ ಉತ್ತರ ಜೋಡಿಸಿಕೊಂಡಿದ್ದರು.

"ನಾನು ನಿಮ್ಮನ್ನ ನೋಡಲೇ ಇಲ್ಲ. ನಮ್ಮ ಕೆಲಸದಲ್ಲಿ ಚಿತ್ರ ನೋಡಲ್ಲ, ಅಂಚು ನೋಡ್ತೀವಿ. ತೂತು ಹರಿದಿತ್ತು. ಮಗಳ ಶಾಲೆ ಬಿಡೋ ಹೊತ್ತಾಗಿತ್ತು. ಕತ್ತರಿಸಿದೆ. ಅದರಲ್ಲಿ ಯಾರಿದ್ದಾರೆ ಅಂತಾನೂ ನನಗೆ ಗೊತ್ತಿರಲಿಲ್ಲ."

ಇಸ್ತ್ರಿಯಮ್ಮ ತಮ್ಮ ಸೆರಗಿನ ಮಡಿಕೆ ನೇವರಿಸಿ ಸರಿಮಾಡಿದರು. "ಕೆಟ್ಟದಾಗಿ ಮಾಡಿದೆ, ಅದಕ್ಕೇ ಡೈರೆಕ್ಟರು ತೆಗೆದುಹಾಕಿದ್ರು ಅಂದ್ಕೊಂಡಿದ್ದೆ. ಮುಂದಿನ ಚಿತ್ರಕ್ಕೆ ಅವರೇ ಮನೆಗೆ ಹೇಳಿಕಳಿಸಿದ್ರು. ನಾಚಿಕೆಯಾಗಿ ಹೋಗಲಿಲ್ಲ. ಆಮೇಲೆ ಇಸ್ತ್ರಿ ಕೆಲಸಾನೂ ಬಿಟ್ಟೆ. ನಿಮಗೆ ಅರ್ಥ ಆಗ್ತಿದೆಯಾ? ಕರೆದಿದ್ರು, ನಾನು ಹೋಗಲಿಲ್ಲ."

ಚೆಕರಮ್ಮನಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲವೆಂದು ತಡೆದುಕೊಂಡರು.

"ನಿಮ್ಮನ್ನ ಕ್ಷಮಿಸಿಬಿಟ್ಟೆ ಅಂತ ಅಂದ್ಕೋಬೇಡಿ," ಎಂದು ಇಸ್ತ್ರಿಯಮ್ಮ ಸುರುಳಿಯನ್ನು ಅವರ ಮಡಿಲಿಗೆ ಹಾಕಿದರು. "ಅವತ್ತು ನೋಡಲಿಲ್ಲ ಅಲ್ವಾ? ಈಗ ನೋಡಿ ಹೇಳಿ. ಚೆನ್ನಾಗಿದೆಯೋ ಇಲ್ವೋ."

ಚೆಕರಮ್ಮ ಕೈಗವಸು ಹಾಕಿಕೊಂಡರು. ಅಭ್ಯಾಸದಂತೆ ಬೆರಳು ಅಂಚಿಗೆ ಹೋಯಿತು, ಹರಿದ ತೂತು ಚುಚ್ಚಿತು, ಕಣ್ಣನ್ನೂ ಅಲ್ಲಿಗೇ ಎಳೆಯಿತು. ಬಲವಂತವಾಗಿ ಕಣ್ಣನ್ನು ನಡುವೆ ತಂದರು. ಒಂದೊಂದೇ ಚೌಕ, ಬೆಳಕಿಗೆ ಹಿಡಿದು, ಗಾಜಿನಲ್ಲಿ. ತಟ್ಟುವ ಕೈ. ಬಾಗಿಲ ಸಂದು. ಬಾಚಣಿಗೆ ಹಿಡಿದ ಬೆರಳುಗಳು. ಆಮೇಲೆ ಆ ಮುಖ ಬಂತು, ಬಂದದ್ದು ಕದಲಲಿಲ್ಲ. ಸೊಸೆ ಎರಡು ಲೋಟ ಟೀ ತಂದಿಟ್ಟು ಹೋದಳು. ಟೀ ಆರಿ ಕೆನೆ ಕಟ್ಟಿತು. ಚೆಕರಮ್ಮನ ಕುತ್ತಿಗೆ ಸೆಟೆದುಹೋಯಿತು, ಆದರೆ ತುದಿ ಮುಟ್ಟುವವರೆಗೆ ತಲೆ ಎತ್ತಲಿಲ್ಲ.

"ನೂರ ತೊಂಬತ್ತೆರಡು," ಎಂದರು.

"ಏನದು?"

"ನಿಮ್ಮ ಮುಖ ಇರೋ ಚೌಕಗಳು. ಪೂರ್ತಿ ಎಂಟು ಸೆಕೆಂಡು. ಒಂದರಲ್ಲೂ ರೆಪ್ಪೆ ಬಡಿದಿಲ್ಲ ನೀವು. ನೂರ ಎಪ್ಪತ್ತನೆಯದರಿಂದ ಎಡಗಣ್ಣಲ್ಲಿ ನೀರು ಹೊಳೆಯುತ್ತೆ. ಆದ್ರೂ ಬಡಿದಿಲ್ಲ."

ಇಸ್ತ್ರಿಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅಡುಗೆಮನೆಯ ಕಡೆಗೆ ತಿರುಗಿ ಸೊಸೆಯನ್ನು ಕರೆದರು.

"ಒಲೆ ಆರಿಸಿ ಬಾ ಇಲ್ಲಿ."

ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. ಇಸ್ತ್ರಿಯಮ್ಮ ಭೂತಗನ್ನಡಿಯನ್ನು ಅವಳ ಕೈಯಲ್ಲಿಟ್ಟು, ಕಿಟಕಿಯ ಬಳಿ ಜಾಗ ಬಿಟ್ಟರು.

"ಎಣಿಸು," ಎಂದರು.