ಬಾಯಿ ಹಾಕದ ಮಾವ

ಬಲಿಷ್ಠ ದೇಶವೊಂದು ನೆರೆಯ ಪುಟ್ಟ ದೇಶದ ರಾಜಕೀಯದಲ್ಲಿ ಕೈ ಹಾಕುವುದು ಎಂದಾದರೂ ಸರಿಯೇ ಎಂದು ಮಗಳು ಕೇಳಿದಾಗ, ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪದ ವಿಜ್ಞಾನದ ಮೇಷ್ಟ್ರು ತಮ್ಮ ಮಾವನ ಮುಖ ನೋಡಿದರು. ನಮ್ಮ ವಿದೇಶಾಂಗ ಕಚೇರಿಯಲ್ಲಿ ಮೂವತ್ತು ವರ್ಷ, ಹಿಂದೊಮ್ಮೆ ನಮ್ಮ ಸೈನ್ಯ ಹೊಕ್ಕಿದ್ದ ಪುಟ್ಟ ನೆರೆದೇಶದ ಭಾಷೆಗೆ ಅನುವಾದಕರಾಗಿದ್ದ ಮಾವ ಕನ್ನಡಕ ಒರೆಸಿಕೊಳ್ಳುತ್ತ ಎದ್ದುಹೋದರು. ಪರರ ವಿಷಯಕ್ಕೆ ತಲೆಹಾಕದಿರುವುದು ಅವರಿಗೆ ವ್ರತದಂತಿತ್ತು. ಊಟದಲ್ಲಿ ಉಪ್ಪೇ ಇಲ್ಲದಿದ್ದರೂ, "ನಿನ್ನ ಅಡುಗೆಮನೆ ತಾಯಿ, ನಾನ್ಯಾಕೆ ಬಾಯಿ ಹಾಕ್ಲಿ?" ಎಂದು ಮೇಷ್ಟ್ರ ಹೆಂಡತಿಗೆ ಹೇಳಿ ಸಪ್ಪೆಯನ್ನೇ ನುಂಗುವರು. ಪಕ್ಕದ ಮನೆಯಲ್ಲಿ ದನಿ ಏರಿದರೆ ಕಿಟಕಿ ಮುಚ್ಚುವರು. ಕ್ಷೌರದಂಗಡಿಯಲ್ಲಿ "ನಿಮ್ಮ ಕತ್ತರಿ, ನಿಮ್ಮಿಷ್ಟ" ಎನ್ನುವರು, "ತಲೆ ನಿಮ್ದಲ್ವಾ ಯಜಮಾನ್ರೇ!" ಎಂದು ಕ್ಷೌರಿಕ ಹಣೆ ಚಚ್ಚಿಕೊಳ್ಳುವನು. ಆದರೆ ಅಲ್ಲಿ ಯಾರಾದರೂ, "ನಾವೇನು ಸುಮ್ನೆ ಸೈನ್ಯ ಕಳಿಸಿದ್ವಾ? ಆ ದೇಶದ ನಾಯಕರೇ ಕಾಗದ ಬರೆದು ಕರೆದ್ರಪ್ಪ" ಎಂದರೆ, ಅರ್ಧ ಕ್ಷೌರದ ತಲೆಯಲ್ಲೇ ಮನೆಗೆ ಬಂದುಬಿಡುವರು. ಮೇಷ್ಟ್ರು ಮಗಳಿಗೆ ಕೊನೆಗೆ ಕೊಟ್ಟ ಉತ್ತರವೂ ಅದೇ ಆಗಿತ್ತು: "ಅವರೇ ಕರೆದಿದ್ರು ಪುಟ್ಟಿ, ಕಾಗದ ಇದೆ." ಮಾವ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಆ ಕಾಗದದ ಕರಡು ಸಿಕ್ಕಿತು. ಮೂಲ ನಮ್ಮ ಭಾಷೆಯಲ್ಲಿ, ನಮ್ಮದೇ ಕಚೇರಿಯಲ್ಲಿ ಟೈಪಾಗಿತ್ತು; ಅದರ ಬೆನ್ನಿಗೆ ಮಾವನ ದುಂಡು ಅಕ್ಷರಗಳಲ್ಲಿ ನೆರೆದೇಶದ ಭಾಷೆಯ ಅನುವಾದವಿತ್ತು. ತಾರೀಖು, ಸೈನ್ಯ ಗಡಿ ದಾಟುವುದಕ್ಕೆ ಒಂಬತ್ತು ದಿನ ಮುಂಚಿನದು. ನಮ್ಮನ್ನು ಕರೆಯಬೇಕಾದವರು ಯಾರೆಂದು ಆಗಿನ್ನೂ ತೀರ್ಮಾನವಾಗಿರಲಿಲ್ಲ. ಸಹಿಯ ಜಾಗದಲ್ಲಿ ಬರೀ ಚುಕ್ಕೆಗಳಿದ್ದವು.