ಏಣಿಯಕ್ಕನ ಬೆನ್ನಿಗೊಂದು ಬೇಲಿ

ಬೆಳಕು ಹರಿಯುವ ಹೊತ್ತು. ಇಂಟರ್‌ನೆಟ್ ಕಂಪನಿಯ ಹಿಂಬದಿಯ ಕೋಣೆಯಲ್ಲಿ ಯಂತ್ರಗಳ ಫ್ಯಾನು ಗುಂಯ್‌ಗುಡುತ್ತಿದೆ. ಶಾಲು ಹೊದ್ದು ಪರದೆಯ ಮುಂದೆ ಕೂತ ಹೆಂಗಸು ದೇವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ಕೀಲಿಮಣೆಗೆ ಕೈ ಹಾಕುತ್ತಾಳೆ. ದಿನವೂ ಆ ಹೆಸರಿನ ಹಿಂದೆಯೇ ಕೆಲಸ ಬರುತ್ತದೆ. ಇಂದು ಹೊಟ್ಟೆಕಿಚ್ಚು ಬಂದಿದೆ.

ಕಳೆದ ತಿಂಗಳು ಇದೇ ಪುರವಣಿಯಲ್ಲಿ ಬಂದ ಬರಹಕ್ಕೆ ಕಟ್ಟು ಹಾಕಿಸಿ ಎದುರಿನ ಗೋಡೆಗೆ ತೂಗುಹಾಕಿದ್ದಾರೆ. ಅದರ ಫೋಟೋದಲ್ಲಿ ಏಣಿಯ ತುದಿಯಲ್ಲಿ ನಿಂತು ನಗುತ್ತಿರುವವಳು ಆಕೆಯ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಇಬ್ಬರೂ ಒಂದೇ ಮನೆಯ ಸೊಸೆಯರು, ಒಂದೇ ಕಂಪನಿಯ ಕೆಲಸಗಾರರು. ದೊಡ್ಡವಳು ಬೀದಿಯಲ್ಲಿ ವೈರು ಎಳೆಯುತ್ತಾಳೆ. ಊರಿಗೆಲ್ಲ ಅವಳು ಏಣಿಯಕ್ಕ. ಚಿಕ್ಕವಳು ಕೋಣೆಯಲ್ಲಿ ಕೂತು ಸ್ವಿಚ್ಚುಗಳ ಸಾಫ್ಟ್‌ವೇರು ನೋಡಿಕೊಳ್ಳುತ್ತಾಳೆ. ಅವಳಿಗೆ ಅಡ್ಡಹೆಸರನ್ನೂ ಯಾರೂ ಇಟ್ಟಿಲ್ಲ.

ಸ್ವಿಚ್ಚೆಂದರೆ ಕಟ್ಟಡಗಳ ಮೆಟ್ಟಿಲ ಕೆಳಗೋ ಕಂಬದ ಮೇಲೋ ಇರುವ ಪೆಟ್ಟಿಗೆ. ಮನೆಮನೆಯ ವೈರು ಅದರ ತೂತುಗಳಿಗೆ ಬಂದು ಸೇರುತ್ತದೆ. ಅಂಥವು ಇನ್ನೂರರ ಮೇಲಿವೆ. ಒಂದು ಮನೆಯ ಮಾತು ಪಕ್ಕದ ಮನೆಗೆ ಹೋಗದಂತೆ, ಒಬ್ಬರೇ ಎಲ್ಲರ ಪಾಲನ್ನೂ ನುಂಗದಂತೆ ಒಂದೊಂದಕ್ಕೂ ಬುದ್ಧಿ ಹೇಳಿಡುವುದು ಆಕೆಯ ಕೆಲಸ. ಆ ಬುದ್ಧಿಮಾತುಗಳಲ್ಲಿ ಮುಖ್ಯವಾದದ್ದನ್ನು ಆಕೆ ಬೇಲಿ ಎನ್ನುತ್ತಾಳೆ. ಯಾರಾದರೂ ಒಂದೇ ವೈರಿನ ಎರಡೂ ತುದಿಗಳನ್ನು ಮರೆತು ಒಂದೇ ಪೆಟ್ಟಿಗೆಗೆ ಚುಚ್ಚಿದರೆ, ಒಳಗಿನ ಸಂದೇಶ ಗಾಣದೆತ್ತಿನಂತೆ ಸುತ್ತುತ್ತ, ಸುತ್ತಿದಷ್ಟೂ ಮರಿಹಾಕುತ್ತ ಬೀದಿಬೀದಿಯ ಸಂಪರ್ಕವನ್ನೇ ಮುಳುಗಿಸುತ್ತದೆ. ಬೇಲಿಯಿದ್ದರೆ ಆ ತೂತೊಂದೇ ಮುಚ್ಚಿಕೊಳ್ಳುತ್ತದೆ.

"ಕೆಟ್ಟರೆ ನೂರು ಜನ ಫೋನ್ ಮಾಡ್ತಾರೆ. ಅಕ್ಕ ಹೋಗಿ ಏಣಿ ಹಾಕಿದ್ರೆ ಕೈ ಮುಗೀತಾರೆ" ಎಂದು ಆಕೆ, ಈ ಸಲ ತನ್ನ ಬಗ್ಗೆ ಬರೆಯಲು ಬಂದ ಪುರವಣಿಯವರಿಗೆ ಹೇಳುತ್ತಾಳೆ. "ಕೆಡದ ಹಾಗೆ ನೋಡ್ಕೊಂಡೋಳಿಗೆ ಯಾರು ಮುಗೀತಾರೆ, ಹೇಳಿ?"

ಈಗ ಏಣಿಯಕ್ಕ ನಾಲ್ಕು ಬೀದಿ ಕೂಡುವಲ್ಲಿ ಹಳೆಯ ವೈರು ಬದಲಿಸಲು ಹೋಗಿದ್ದಾಳೆ. ಅಲ್ಲಿನ ಪೆಟ್ಟಿಗೆಯ ಬೇಲಿಯನ್ನು ಚಿಕ್ಕವಳು ಈಗಷ್ಟೇ ತೆಗೆದಿದ್ದಾಳೆ. ಬೇಕೆಂದೇ. ಅಕ್ಕನ ಕೈ ಅವಸರದ್ದು. ಒಂದು ಸಲ ತಪ್ಪಲಿ, ನಾಲ್ಕು ಬೀದಿಯೂ ಬೈಯಲಿ, ಏಣಿಯ ಮೇಲಿನ ಆ ನಗು ಕೆಳಗಿಳಿಯಲಿ.

ಆದರೆ ಇನ್ನೊಂದು ಕೀಲಿ ಒತ್ತುವುದು ಬಾಕಿಯಿದೆ. ಏನೇ ಬದಲಿಸಿದರೂ ಹತ್ತು ನಿಮಿಷದೊಳಗೆ ಒಪ್ಪಿಗೆ ಕೊಡದಿದ್ದರೆ ಪೆಟ್ಟಿಗೆ ತಾನಾಗಿಯೇ ಮೊದಲಿನಂತಾಗಬೇಕೆಂದು ಆಕೆಯೇ ಕಟ್ಟಳೆ ಮಾಡಿಟ್ಟಿದ್ದಾಳೆ. ಆ ಕಟ್ಟಳೆಯ ಹಿಂದೆ ಒಂದು ಅವಮಾನವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾವ ದಾರಿಯಲ್ಲಿ ಪೆಟ್ಟಿಗೆಯೊಡನೆ ಮಾತಾಡುತ್ತಿದ್ದಳೋ ಆ ದಾರಿಯನ್ನೇ ಮುಚ್ಚಿಬಿಟ್ಟಿದ್ದಳು. ಕೂತ ಕೊಂಬೆಯನ್ನೇ ಕಡಿದ ಹಾಗೆ. ಅಕ್ಕ ಮಳೆಯಲ್ಲಿ ಏಣಿ ಹತ್ತಿ ಸರಿಮಾಡಿದಳು. ಇಂದಿಗೂ ಊಟಕ್ಕೆ ಕೂತಾಗಲೆಲ್ಲ, "ಹೊರಗೆ ನಿಂತ್ಕೊಂಡು ಒಳಗಿನ ಚಿಲಕ ಹಾಕಿದ ಜಾಣೆ ಕಣ್ರೀ ನಮ್ಮವಳು" ಎಂದು ಮನೆಮಂದಿಯನ್ನು ನಗಿಸುತ್ತಾಳೆ. ಅತ್ತೆಯೂ ನಗುತ್ತಿದ್ದರು. ಹೋದ ವರ್ಷ ಅವರ ಕೊನೆಯ ದಿನಗಳಲ್ಲಿ ಕಾಲೊತ್ತುತ್ತ ಕೂತವಳು ಚಿಕ್ಕ ಸೊಸೆ. ಕಣ್ಣು ಮುಚ್ಚುವಾಗ ಆ ಪುಣ್ಯಾತ್ಮೆ ಕರೆದದ್ದು ದೊಡ್ಡ ಸೊಸೆಯನ್ನು.

ಫೋನು ಹೊಡೆದುಕೊಳ್ಳುತ್ತದೆ. ಏಣಿಯಕ್ಕ.

"ಏನೇ, ಕೂತಿದ್ದೀಯಾ? ಶುರು ಮಾಡ್ತೀನಿ. ಕಣ್ಣಿಟ್ಟಿರು."

"ಇಟ್ಟಿದ್ದೀನಿ ಅಕ್ಕ."

"ನೀನಲ್ಲಿದ್ರೆ ನಂಗೆ ಕೆಳಗೆ ನೋಡೋಕೂ ಭಯ ಇಲ್ಲ ಕಣೇ."

ಬೆರಳು ಕೀಲಿಯ ಮೇಲೆಯೇ ಇದೆ. ಒತ್ತುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಭಗವಂತ ಕೊಟ್ಟ ಬುದ್ಧಿಯೋ, ಬೆರಳಿನ ಅಂಜಿಕೆಯೋ, ಹೇಳುವವರಾರು? ಹತ್ತು ನಿಮಿಷ ತುಂಬುತ್ತದೆ. ಪೆಟ್ಟಿಗೆ ತನ್ನ ಬೇಲಿಯನ್ನು ತಾನೇ ಹಾಕಿಕೊಳ್ಳುತ್ತದೆ. ಆಕೆ ಕೈಯನ್ನು ಮಡಿಲಿಗೆ ತಂದು ಉಸಿರು ಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡುತ್ತದೆ. ಆಕೆ ಫೋನು ಮಾಡುತ್ತಾಳೆ.

"ಅಕ್ಕಾ, ಒಂದೇ ವೈರಿನ ಎರಡೂ ತುದಿ ಅದೇ ಪೆಟ್ಟಿಗೆಗೆ ಹಾಕಿದ್ದೀರಿ ನೋಡಿ."

"ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ! ನಾಲ್ಕು ಬೀದಿನೂ ಹೋಯ್ತೇನೇ?"

"ಇಲ್ಲ, ಒಂದು ತೂತು ಮುಚ್ಕೊಂಡಿದೆ, ಅಷ್ಟೆ. ಕಿತ್ತು ಸರಿಯಾದ ಕಡೆ ಹಾಕಿ."

ಬಿಸಿಲೇರುವ ಹೊತ್ತಿಗೆ ಏಣಿಯಕ್ಕ ಎರಡು ಲೋಟ ಚಹಾ ಹಿಡಿದು ಬರುತ್ತಾಳೆ. ಚಿಕ್ಕವಳು ಲೋಟ ಮುಟ್ಟುವುದಿಲ್ಲ.

"ಅಕ್ಕ, ಆ ಬೇಲಿ ನಾನು ತೆಗೆದಿದ್ದೆ. ಬೇಕಂತಲೇ. ಪೆಟ್ಟಿಗೆ ತಾನೇ ವಾಪಸ್ ಹಾಕ್ಕೊಂಡಿತು."

ಏಣಿಯಕ್ಕ ಓರಗಿತ್ತಿಯನ್ನೊಮ್ಮೆ, ಗೋಡೆಯ ಮೇಲಿನ ತನ್ನ ಫೋಟೋವನ್ನೊಮ್ಮೆ ನೋಡುತ್ತಾಳೆ. "ಅದಕ್ಕೋ?"

"ಅದಕ್ಕೇ."

"ತೆಗೆದೋಳು ನೀನು, ಹಾಕಿದ್ದು ಪೆಟ್ಟಿಗೆ. ಹಾಗಾದ್ರೆ ಫೋಟೋ ಪೆಟ್ಟಿಗೇದೇ ಹಾಕಿಸ್ಬೇಕು ಬಿಡು."

"ಆ ಪೆಟ್ಟಿಗೆಗೆ ಕಲಿಸಿದೋಳು ಯಾರು?"

ಅಕ್ಕ ಲೋಟ ಕೆಳಗಿಡುತ್ತಾಳೆ. ಬರೆಯಲು ಬಂದವರ ಕಡೆ ತಿರುಗಿ, "ಇವಳನ್ನ ಚೆನ್ನಾಗಿ ಬರೀರಿ" ಎನ್ನುತ್ತಾಳೆ. ಏಣಿ ಹೆಗಲಿಗೇರಿಸಿ ಹೊರಡುತ್ತಾಳೆ.

ಚಿಕ್ಕವಳಿಗೆ ಮತ್ತೆ ಉರಿ. "ನೋಡಿದ್ರಾ? ಇದರಲ್ಲೂ ದೊಡ್ಡ ಮನಸ್ಸಿನೋರು ಅಂತ ಹೆಸರು ಅವರಿಗೇ!"

ನಿಮಗೇನಾದರೂ ಆಸೆ ಇದೆಯೇ ಎಂದರೆ ಆಕೆ ಶಾಲು ಸರಿಮಾಡಿಕೊಳ್ಳುತ್ತಾಳೆ. "ಬೇಲಿ ತೆಗೆದದ್ದನ್ನೂ ಬರೀರಿ, ಮುಚ್ಚಿಡಬೇಡಿ. ಫೋಟೋ ಮಾತ್ರ ಅಕ್ಕಂದಕ್ಕಿಂತ ಒಂದು ಬೆರಳು ದೊಡ್ಡದಿರಲಿ."