ಮಿಡಿ ಭರಣಿಯ ಬೆಳ್ಳಿ ಗಟ್ಟಿ

ಅಂದು ಮೊದಲು ಕೂಗಿದ್ದು ನಾನೋ ಅಕ್ಕನೋ, ಈಗ ಖಾತ್ರಿಯಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ನಾನು ದೀಪಾವಳಿ ರಜೆಗೆ ಕುಮಟಾದ ಮನೆಗೆ ಬಂದಿದ್ದೆ. ಬಸುರಿ ಅಕ್ಕ ಊಟಕ್ಕೆ ಕೂತಿದ್ದಳು. ಉಪ್ಪಿನಕಾಯಿ ಭರಣಿಯಲ್ಲಿ ಮಾವಿನ ಮಿಡಿ ತೇಲದಂತೆ ಕಲ್ಲಿನ ಬದಲು ಹೇರಿದ್ದ ಲೋಹದ ಗಟ್ಟಿಯನ್ನು ಅಮ್ಮ ಎತ್ತಿ ನನ್ನ ಕೈಗಿತ್ತಳು. ಅಜ್ಜ ಹೊನ್ನಾವರದ ಪೇಟೆಯಲ್ಲಿ ಬೆಳ್ಳಿಯೆಂದು ಕೊಂಡಿದ್ದ ಗಟ್ಟಿ ಅದು.

“ಬೆಳ್ಳಿಗೆ ಮೈಲಿಗೆ ಇಲ್ಲೆ ತಮಾ, ಬಸುರಿಗೆ ತಂಪು,” ಎಂದಳು ಅಮ್ಮ.

ಹಿಡಿದಲ್ಲಿ ನನ್ನ ಉಗುರಿನ ಗುರುತು ಬಿತ್ತು. ಅನುಮಾನ ಬಂದು, ಒರೆಸಿ ಹಳೆಯ ಪತ್ರಿಕೆಯ ಮೇಲೆ ಎಳೆದೆ. ಪೆನ್ಸಿಲಿನಂಥ ಬೂದು ಗೆರೆ ಮೂಡಿತು. ಬೆಳ್ಳಿ ಹಾಗೆ ಗೆರೆ ಬಿಡುವುದಿಲ್ಲ.

“ಅಕ್ಕಾ, ಉಗಿಯೇ! ಇದು ಸೀಸ. ಹುಳಿಯಲ್ಲಿ ಕರಗಿ ವಿಷ ಆಗ್ತು.”

“ಮಳೆಗಾಲ ಪೂರ್ತಿ ಇದನ್ನೇ ತಿಂದಿದ್ನಲೇ ಅಮಾ!” ಅಕ್ಕ ಹೊಟ್ಟೆ ಹಿಡಿದುಕೊಂಡಳು.

“ನಿಂಗೆ ಓದಿದ್ದು ಹೆಚ್ಚಾತು,” ಎಂದ ಅಮ್ಮ, ಆದರೂ ಭರಣಿಯನ್ನು ಹಿತ್ತಲ ಗುಂಡಿಗೆ ಸುರಿದಳು.

ಮಗು ನೆಟ್ಟಗೆ ಹುಟ್ಟಿತು. ನನ್ನ ಕಣ್ಣೇ ಮೋಸಹೋಯಿತೇನೋ ಎಂಬ ಸಂಶಯ ಕಾಡತೊಡಗಿತು. ಎತ್ತಿಟ್ಟಿದ್ದ ಗಟ್ಟಿಯ ಚೂರನ್ನು ಕಾಲೇಜಿಗೆ ಒಯ್ದು, ಆಮ್ಲದಲ್ಲಿ ಕರಗಿಸಿ ಉಪ್ಪುನೀರು ಹಾಕಿದೆ. ಬಿಳಿ ಗಷ್ಟು ತಳಕ್ಕೆ ಇಳಿಯಿತು. ಬೆಳ್ಳಿಗೂ ಅದು ಬರುತ್ತದೆ, ಆದರೆ ಕುದಿಸಿದರೆ ಕರಗದು. ಇದು ಕುದಿನೀರಿನಲ್ಲಿ ಪೂರ್ತಿ ಕರಗಿತು. ಸೀಸವೇ.